ಐಗುಪ್ತದ ರೊಟ್ಟಿ, ಐಗುಪ್ತದ ಇಟ್ಟಿಗೆ

ಯೌವನಸ್ಥರ ಸತ್ಯವೇದ ಪಾಠ – ಸಂದೇಶದ ಬರಹ ರೂಪ

ಓದಬೇಕಾದ ಭಾಗಗಳು: ವಿಮೋಚನಕಾಂಡ 5:1-19, ಅರಣ್ಯಕಾಂಡ 11:4-6, ಧರ್ಮೋಪದೇಶಕಾಂಡ 5:12-15, 23:7, 24:14-15

ಕೂತ್ಕೊಳ್ಳಿ, ಸತ್ಯವೇದ ತೆಗೀರಿ. ಮೊಬೈಲ್‌ನಲ್ಲಿ ಓದೋರು ಮೊಬೈಲ್‌ನಲ್ಲೇ ತೆಗೀರಿ, ಪರವಾಗಿಲ್ಲ. ನೋಟಿಫಿಕೇಷನ್ ಮಾತ್ರ ಆಫ್ ಮಾಡಿ.

ಐಗುಪ್ತ ಅಂದ ತಕ್ಷಣ ನಿಮ್ಮ ಮನಸ್ಸಿಗೆ ಏನು ಬರುತ್ತೆ? ಪಿರಮಿಡ್, ಮಮ್ಮಿ, ಚಿನ್ನದ ಮುಖವಾಡ, ಚಾಟಿ ಹಿಡಿದ ಫರೋಹ. ನಾವು ಸಂಡೇ ಸ್ಕೂಲಿನಿಂದ ನೋಡಿರೋ ಚಿತ್ರಗಳೆಲ್ಲ ಅವೇ. ಆದರೆ ಸತ್ಯವೇದದಲ್ಲಿ ಇಸ್ರಾಯೇಲ್ಯರು ಐಗುಪ್ತವನ್ನು ನೆನಪು ಮಾಡಿಕೊಳ್ಳುವಾಗ ಏನು ಹೇಳ್ತಾರೆ ಗಮನಿಸಿ. ಪಿರಮಿಡ್ ಬಗ್ಗೆ ಒಂದು ಮಾತೂ ಇಲ್ಲ. ಮೀನು, ಸೌತೇಕಾಯಿ, ಈರುಳ್ಳಿ, ಬೆಳ್ಳುಳ್ಳಿ. ಮಣ್ಣು, ಹುಲ್ಲು, ಇಟ್ಟಿಗೆ. ಅಂದರೆ ಅಡುಗೆಮನೆ ಮತ್ತು ಕೆಲಸದ ಜಾಗ. ಒಂದು ದೇಶದಲ್ಲಿ ನಿಜವಾಗಿ ಬದುಕಿದವರ ನೆನಪು ಹೀಗೇ ಇರುತ್ತೆ.

ಅದಕ್ಕೇ ಇವತ್ತು ರಾಜರ ಐಗುಪ್ತವನ್ನು ಬದಿಗಿಟ್ಟು, ದಿನದಿನದ ಐಗುಪ್ತವನ್ನು ನೋಡೋಣ. ಅಲ್ಲಿನ ಜನ ಏನು ತಿಂತಿದ್ದರು, ಎಲ್ಲಿ ಮಲಗ್ತಿದ್ದರು, ಸಂಬಳ ಹೇಗೆ ಸಿಗ್ತಿತ್ತು, ರಜೆ ಇತ್ತಾ? ಇದು ಗೊತ್ತಾದ ಮೇಲೆ ಮೋಶೆಯ ಧರ್ಮಶಾಸ್ತ್ರದ ಎಷ್ಟೋ ಮಾತುಗಳು ಬೇರೆ ರೀತಿ ಕೇಳಿಸುತ್ತವೆ.

1. ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ

ಪಿರಮಿಡ್‌ಗಳನ್ನು ಕಟ್ಟಿದ್ದು ಇಸ್ರಾಯೇಲ್ಯರು ಅಂತ ಎಷ್ಟು ಜನ ಅಂದುಕೊಂಡಿದ್ದೀರಿ? ನಾಚಿಕೆ ಬೇಡ. ಕ್ರಿಸ್ತಶಕ ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಕೂಡ ಹಾಗೇ ಬರೆದಿದ್ದಾನೆ. ಆದರೆ ವಿಮೋಚನಕಾಂಡ 1:11 ಓದಿ. ಅವರು ಕಟ್ಟಿದ್ದು ಪಿತೋಮ್ ಮತ್ತು ರಾಮ್ಸೇಸ್ ಎಂಬ ಉಗ್ರಾಣದ ಪಟ್ಟಣಗಳನ್ನು. ಅದೂ ಕಲ್ಲಿನಿಂದಲ್ಲ, ಇಟ್ಟಿಗೆಯಿಂದ.

ಗೀಜಾದ ದೊಡ್ಡ ಪಿರಮಿಡ್ ಖುಫು ಎಂಬ ರಾಜನ ಸಮಾಧಿ. ಕಟ್ಟಿದಾಗ ಅದರ ಎತ್ತರ ಸುಮಾರು 146 ಮೀಟರ್. ಕಾಲ ಕ್ರಿ.ಪೂ. 2550ರ ಸುಮಾರು. ಆದಿಕಾಂಡ 12ರಲ್ಲಿ ಅಬ್ರಾಮನು ಬರಗಾಲಕ್ಕೆ ಹೆದರಿ ಐಗುಪ್ತಕ್ಕೆ ಇಳಿದು ಹೋದಾಗಲೇ ಆ ಪಿರಮಿಡ್ ಹಳೇ ಕಟ್ಟಡವಾಗಿ ಅಲ್ಲಿ ನಿಂತಿತ್ತು. ಮೋಶೆಯ ಕಾಲಕ್ಕೆ ಅದಕ್ಕೆ ಸಾವಿರ ವರ್ಷ ದಾಟಿತ್ತು.

ಹಾಗಾದರೆ ಕಟ್ಟಿದ್ದು ಯಾರು? ಐಗುಪ್ತದ ಜನರೇ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬಲ್ಲಿ ಪಪೈರಸ್ ಹಾಳೆಗಳು ಸಿಕ್ಕವು. ಬರಹ ಇರುವ ಪಪೈರಸ್‌ಗಳಲ್ಲಿ ಇಲ್ಲಿಯವರೆಗೆ ಸಿಕ್ಕಿರುವ ಅತಿ ಹಳೆಯವು ಅವೇ. ಅದರಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿ ಇದೆ. ತೂರಾ ಎಂಬ ಜಾಗದ ಗಣಿಯಿಂದ ಸುಣ್ಣದ ಕಲ್ಲನ್ನು ದೋಣಿಯಲ್ಲಿ ಹೇರಿಕೊಂಡು ತನ್ನ ತಂಡ ಗೀಜಾಕ್ಕೆ ಹೋಗಿ ಬಂದ ಲೆಕ್ಕ. ಇಂಥ ದಿನ ಕಲ್ಲು ತುಂಬಿದೆವು, ಇಂಥ ದಿನ ಇಳಿಸಿದೆವು, ಅಷ್ಟೇ. ಪಕ್ಕಾ ವರ್ಕ್ ಲಾಗ್. ಗೀಜಾದಲ್ಲಿ ಕೆಲಸಗಾರರ ಊರನ್ನು ಅಗೆದಾಗ ರೊಟ್ಟಿ ಮಾಡುವ ಬೇಕರಿಗಳು, ರಾಶಿ ರಾಶಿ ದನ ಕುರಿ ಮೇಕೆಗಳ ಮೂಳೆಗಳು ಸಿಕ್ಕಿವೆ. ಅವರ ಸ್ಮಶಾನದ ಅಸ್ಥಿಪಂಜರಗಳಲ್ಲಿ ಮುರಿದು ಮತ್ತೆ ಕೂಡಿಕೊಂಡ ಎಲುಬುಗಳಿವೆ. ಅಂದರೆ ಕೆಲಸ ಮೈ ಮುರಿಯುವಂಥದ್ದೇ, ಆದರೆ ಊಟವೂ ಇತ್ತು, ಗಾಯಕ್ಕೆ ಆರೈಕೆಯೂ ಇತ್ತು.

ಇದನ್ನು ಯಾಕೆ ಮೊದಲೇ ಹೇಳಿದೆ? ನಮ್ಮ ಸ್ನೇಹಿತರ ಮುಂದೆ ಸತ್ಯವೇದದಲ್ಲಿ ಇಲ್ಲದ್ದನ್ನು ಸತ್ಯವೇದದ ಹೆಸರಲ್ಲಿ ಹೇಳಬಾರದು. ಅದರಲ್ಲಿ ಇರೋದೇ ಸಾಕಷ್ಟು ಗಟ್ಟಿ ಇದೆ.

2. ನದಿ ಸಾಕಿದ ನಾಡು

ಐಗುಪ್ತದ ಮ್ಯಾಪ್ ನೋಡಿದರೆ ಮರಳುಗಾಡಿನ ಮಧ್ಯೆ ಒಂದು ಹಸಿರು ದಾರ ಎಳೆದ ಹಾಗಿದೆ. ಆ ದಾರವೇ ನೈಲ್ ನದಿ. ಅಲ್ಲಿನ ಜನ ತಮ್ಮ ದೇಶವನ್ನು ಕೆಮೆತ್ ಅಂತ ಕರೀತಿದ್ದರು, ಕಪ್ಪು ಮಣ್ಣಿನ ನಾಡು ಅಂತ ಅರ್ಥ. ಸುತ್ತಲಿನ ಮರಳುಗಾಡು ಅವರಿಗೆ ಕೆಂಪು ನಾಡು.

ಅಲ್ಲಿ ಮಳೆ ಅನ್ನೋದು ಬಹಳ ಅಪರೂಪ. ಆದರೆ ದೂರದ ಇಥಿಯೋಪಿಯಾದ ಬೆಟ್ಟಗಳಲ್ಲಿ ಬಿದ್ದ ಮಳೆ, ಬೇಸಿಗೆಯಲ್ಲಿ ನೈಲ್‌ಗೆ ಪ್ರವಾಹವಾಗಿ ಬರುತ್ತಿತ್ತು. ನೀರು ಹೊಲಗಳ ಮೇಲೆ ನಿಂತು, ಇಳಿದು ಹೋಗುವಾಗ ಕಪ್ಪು ಮೆಕ್ಕಲು ಮಣ್ಣನ್ನು ಬಿಟ್ಟು ಹೋಗುತ್ತಿತ್ತು. ಆ ಮಣ್ಣಿನಲ್ಲಿ ಬಿತ್ತನೆ. ಹಾಗಾಗಿ ಅವರ ವರ್ಷಕ್ಕೆ ಮೂರೇ ಕಾಲ: ಪ್ರವಾಹದ ನಾಲ್ಕು ತಿಂಗಳು, ಬೆಳೆಯ ನಾಲ್ಕು ತಿಂಗಳು, ಸುಗ್ಗಿಯ ನಾಲ್ಕು ತಿಂಗಳು. ತಿಂಗಳಿಗೆ 30 ದಿನ, ವರ್ಷದ ಕೊನೆಯಲ್ಲಿ 5 ದಿನ ಸೇರಿಸಿ 365.

ಪ್ರವಾಹ ಕಡಿಮೆಯಾದರೆ ಬರ, ಹೆಚ್ಚಾದರೆ ಊರೇ ಮುಳುಗಡೆ. ಯೋಸೇಫನ ಕಾಲದಲ್ಲಿ ಫರೋಹನ ಕನಸಿನ ಹಸುಗಳು ಎಲ್ಲಿಂದ ಮೇಲೆ ಬಂದವು? ನೈಲ್ ನದಿಯಿಂದ. ಹಸು ಕೊಬ್ಬುವುದೂ ಸೊರಗುವುದೂ ಆ ನದಿಯ ಮೇಲೆ ನಿಂತಿತ್ತು ಅಂತ ಅಲ್ಲಿನ ಚಿಕ್ಕ ಮಗುವಿಗೂ ಗೊತ್ತಿತ್ತು.

ಹೊಲದಲ್ಲಿ ಪ್ರವಾಹದ ನೀರು ಸಾಕು. ಆದರೆ ತರಕಾರಿ ತೋಟಕ್ಕೆ ವರ್ಷವಿಡೀ ನೀರು ಬೇಕಲ್ಲ? ಅದಕ್ಕೆ ಏತ. ನಮ್ಮ ಹಳ್ಳಿಗಳಲ್ಲಿ ಅಜ್ಜಂದಿರು ಬಳಸುತ್ತಿದ್ದರಲ್ಲ, ಉದ್ದ ಕೋಲು, ಒಂದು ತುದಿಗೆ ಬಾನಿ, ಇನ್ನೊಂದು ತುದಿಗೆ ಭಾರ, ಅಂಥದ್ದೇ. ಐಗುಪ್ತದ ಸಮಾಧಿಯ ಗೋಡೆ ಚಿತ್ರಗಳಲ್ಲಿ ಜನ ಏತದಿಂದ ತೋಟಕ್ಕೆ ನೀರೆತ್ತುವುದು ಕಾಣುತ್ತೆ. ಧರ್ಮೋಪದೇಶಕಾಂಡ 11:10ರಲ್ಲಿ ಮೋಶೆ ಜನರಿಗೆ ಇದನ್ನೇ ನೆನಪಿಸುತ್ತಾನೆ. ಐಗುಪ್ತದಲ್ಲಿ ನೀವು ಬಿತ್ತಿ, ತರಕಾರಿ ತೋಟಕ್ಕೆ ಮಾಡುವ ಹಾಗೆ ದುಡಿದು ನೀರು ಹಾಯಿಸಬೇಕಿತ್ತು, ಹೊಸ ನಾಡು ಆಕಾಶದ ಮಳೆ ಕುಡಿಯುವ ನಾಡು ಅಂತ. ಕೇಳಿದವರಿಗೆ ಬೆನ್ನು ನೋವಿನ ನೆನಪು ಬಂದಿರುತ್ತೆ.

3. ರೊಟ್ಟಿ: ಊಟ, ಮನೆ, ಮಕ್ಕಳು

ಐಗುಪ್ತದವರ ಊಟದಲ್ಲಿ ಎರಡು ಮುಖ್ಯ: ರೊಟ್ಟಿ ಮತ್ತು ಬಿಯರ್. ನಗಬೇಡಿ! ಅದು ಬಾರ್ಲಿಯಿಂದ ಮಾಡುವ, ಅಂಬಲಿಯಂಥ ಗಟ್ಟಿ ಪಾನೀಯ. ಗಂಡಸರು ಹೆಂಗಸರು ಮಕ್ಕಳು ಎಲ್ಲರಿಗೂ ಅದು ದಿನದ ಆಹಾರ, ಸಂಬಳದ ಭಾಗ ಕೂಡ. ರೊಟ್ಟಿಗೆ ಎಮ್ಮರ್ ಎಂಬ ಜಾತಿಯ ಗೋಧಿ. ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ, ಬೇಳೆಕಾಳು, ಸೌತೆ, ಕರ್ಬೂಜದ ಜಾತಿಯ ಹಣ್ಣು, ಖರ್ಜೂರ, ಅಂಜೂರ, ನದಿಯ ಮೀನು. ಬಡವರಿಗೆ ಮಾಂಸ ಹಬ್ಬಕ್ಕೆ ಮಾತ್ರ, ಮೀನು ಆಗಾಗ. ಈಗ ಅರಣ್ಯಕಾಂಡ 11:5ರ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ. ಅದು ಐಗುಪ್ತದ ಸಾಮಾನ್ಯ ಜನರ ಊಟದ ಪಟ್ಟಿಯೇ!

ಹಿಟ್ಟು ಬೀಸೋದು ಹೆಂಗಸರ ಕೆಲಸ. ಮೊಣಕಾಲೂರಿ ಕೂತು ಕಲ್ಲಿನ ಮೇಲೆ ಕಲ್ಲು ಉಜ್ಜಬೇಕು. ಆ ಹಿಟ್ಟಿನಲ್ಲಿ ಕಲ್ಲಿನ ಪುಡಿ, ಮರಳು ಸೇರುತ್ತಿತ್ತು. ಐಗುಪ್ತದ ಮಮ್ಮಿಗಳಲ್ಲಿ ರಾಜನಿರಲಿ ರೈತನಿರಲಿ, ಹಲ್ಲುಗಳು ಸವೆದು ಹೋಗಿರೋದು ಅದಕ್ಕೇ. ವಿಮೋಚನಕಾಂಡ 11:5ರಲ್ಲಿ ದೇಶದ ಅತಿ ಮೇಲಿನವನಿಂದ ಅತಿ ಕೆಳಗಿನವಳವರೆಗೆ ಅಂತ ಹೇಳುವಾಗ ಸಿಂಹಾಸನದ ಫರೋಹ ಒಂದು ತುದಿ, ಬೀಸುವ ಕಲ್ಲಿನ ಹಿಂದೆ ಕೂತ ದಾಸಿ ಇನ್ನೊಂದು ತುದಿ. ಬರೆದವನಿಗೆ ಆ ಮನೆಗಳು ಗೊತ್ತಿದ್ದವು.

ಮನೆಗಳು ಹಸಿ ಇಟ್ಟಿಗೆಯವು. ಅರಮನೆ ಕೂಡ ಇಟ್ಟಿಗೆಯದೇ, ಕಲ್ಲು ದೇವಸ್ಥಾನಕ್ಕೆ ಮತ್ತು ಸಮಾಧಿಗೆ. ಬದುಕಿರುವವರ ಮನೆ ಮಣ್ಣಿನದು, ಸತ್ತವರ ಮನೆ ಕಲ್ಲಿನದು! ಚಾವಣಿಗೆ ಮೆಟ್ಟಿಲು, ಸೆಕೆಗಾಲದಲ್ಲಿ ಅಲ್ಲೇ ನಿದ್ದೆ. ಬಟ್ಟೆ ಅಗಸೆ ನಾರಿನದು. ಹೆರಿಗೆಯ ಸಮಯದಲ್ಲಿ ಹೆಂಗಸರು ಎರಡು ಇಟ್ಟಿಗೆಗಳ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. 2001ರಲ್ಲಿ ಅಬಿದೋಸ್ ಎಂಬಲ್ಲಿ ಚಿತ್ರ ಬರೆದ ಅಂಥ ಒಂದು ಇಟ್ಟಿಗೆಯೇ ಸಿಕ್ಕಿದೆ. ವಿಮೋಚನಕಾಂಡ 1:16ರಲ್ಲಿ ಸೂಲಗಿತ್ತಿಯರಿಗೆ ಫರೋಹ ಹೇಳುವ ಮಾತಿನ ಹಿಂದೆ ಇರೋದು ಈ ಪದ್ಧತಿಯೇ ಅಂತ ಅನೇಕ ಪಂಡಿತರು ಹೇಳ್ತಾರೆ. ಹುಟ್ಟೋದೂ ಇಟ್ಟಿಗೆ ಮೇಲೆ, ಬದುಕೋದೂ ಇಟ್ಟಿಗೆ ಒಳಗೆ.

ಇನ್ನೊಂದು ವಿಷಯ ತಂಗಿಯರಿಗೆ. ಐಗುಪ್ತದಲ್ಲಿ ಹೆಣ್ಣುಮಗಳು ತನ್ನ ಹೆಸರಲ್ಲಿ ಆಸ್ತಿ ಇಟ್ಟುಕೊಳ್ಳಬಹುದಿತ್ತು, ಉಯಿಲು ಬರೆಸಬಹುದಿತ್ತು. ನೌನಖ್ತೆ ಎಂಬ ತಾಯಿಯ ಉಯಿಲು ಇವತ್ತಿಗೂ ಇದೆ, ಕ್ರಿ.ಪೂ. 1145ರ ಸುಮಾರಿನದು. ಎಂಟು ಮಕ್ಕಳನ್ನು ಸಾಕಿ ಬೆಳೆಸಿದವಳು. ಮುಪ್ಪಿನಲ್ಲಿ ತನ್ನನ್ನು ನೋಡಿಕೊಂಡ ಮಕ್ಕಳಿಗೆ ಮಾತ್ರ ತನ್ನ ಆಸ್ತಿ, ಕೈಬಿಟ್ಟವರಿಗೆ ಇಲ್ಲ ಅಂತ ಸಾಕ್ಷಿಗಳ ಮುಂದೆ ಹೇಳಿ ಬರೆಸಿದ್ದಾಳೆ. ಮೂರು ಸಾವಿರ ವರ್ಷದ ಹಿಂದಿನ ಆ ಅಮ್ಮನ ನೋವು ನಮ್ಮ ಎಷ್ಟೋ ಮನೆಗಳಲ್ಲಿ ಇವತ್ತೂ ಇದೆ ಅಲ್ವಾ?

4. ರಜೆಯ ಲೆಕ್ಕ ಬರೆದಿಟ್ಟ ಊರು

ಈ ನೌನಖ್ತೆ ಇದ್ದ ಊರಿಗೇ ಈಗ ಹೋಗೋಣ. ಇವತ್ತಿನ ಲಕ್ಸರ್ ಪಟ್ಟಣದ ಎದುರು, ನೈಲ್‌ನ ಪಶ್ಚಿಮ ದಡದ ಬೆಟ್ಟಗಳ ನಡುವೆ ಅದರ ಪಾಳು ಇದೆ. ಈಗಿನ ಹೆಸರು ದೇರ್ ಎಲ್-ಮದೀನಾ. ಬೆಟ್ಟದಾಚೆಯ ಕಣಿವೆಯಲ್ಲಿ ಫರೋಹರ ಸಮಾಧಿಗಳನ್ನು ಕೊರೆದು, ಬಣ್ಣ ಬಳಿಯುತ್ತಿದ್ದ ಕುಶಲಕರ್ಮಿಗಳ ಊರು ಅದು. ಸುಮಾರು 400 ವರ್ಷ ಜನ ಅಲ್ಲಿ ವಾಸವಿದ್ದರು. ಗೋಡೆಯೊಳಗೆ ಸುಮಾರು 68 ಮನೆ, ಒಂದಕ್ಕೊಂದು ಅಂಟಿಕೊಂಡು. ಬಾವಿ ಇಲ್ಲ, ಕೆಳಗಿನಿಂದ ಕತ್ತೆಗಳ ಮೇಲೆ ನೀರು ಬರಬೇಕು. ಟ್ಯಾಂಕರ್‌ಗೆ ಕಾಯೋರಿಗೆ ಈ ಕಷ್ಟ ಅರ್ಥವಾಗುತ್ತೆ.

ಫ್ರೆಂಚ್ ಪುರಾತತ್ವಜ್ಞ ಬರ್ನಾರ್ ಬ್ರುಯೇರ್ 1922ರಿಂದ 1951ರವರೆಗೆ ಅಲ್ಲಿ ಅಗೆದ. ಆ ಊರಿನಿಂದ ಸಾವಿರಾರು ಕಲ್ಲಿನ ಚೂರು, ಮಡಕೆ ಚೂರುಗಳು ಸಿಕ್ಕಿವೆ, ಮೇಲೆಲ್ಲ ಬರಹ. ಪಪೈರಸ್ ದುಬಾರಿ, ಅದಕ್ಕೆ ಜನ ಚೂರುಗಳ ಮೇಲೆ ಬರೀತಿದ್ದರು. ಸಾಲದ ಚೀಟಿ, ಜಗಳದ ದೂರು, ಬಟ್ಟೆ ಒಗೆಯುವವನ ಲೆಕ್ಕ, ಔಷಧಿ, ಪ್ರೀತಿಯ ಪದ್ಯ. ರಾಜರ ಶಾಸನದಲ್ಲಿ ಇಲ್ಲದ್ದೆಲ್ಲ ಅಲ್ಲಿದೆ.

ಅಂಥ ಒಂದು ಕಲ್ಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎರಡನೇ ರಾಮ್ಸೇಸನ ಆಳ್ವಿಕೆಯ 40ನೇ ವರ್ಷದ್ದು, ಕ್ರಿ.ಪೂ. 1240ರ ಸುಮಾರು. ಏನದು ಗೊತ್ತಾ? ಅಟೆಂಡೆನ್ಸ್ ರಿಜಿಸ್ಟರ್! ಸುಮಾರು 40 ಕೆಲಸಗಾರರ ಹೆಸರು, ಯಾವ ಯಾವ ದಿನ ಬಂದಿಲ್ಲ, ಯಾಕೆ ಬಂದಿಲ್ಲ ಅನ್ನೋದು. ಕಾರಣವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಒಬ್ಬನಿಗೆ ಚೇಳು ಕುಟುಕಿದೆ. ಒಬ್ಬನಿಗೆ ಕಣ್ಣು ಬೇನೆ. ಒಬ್ಬ ತಾಯಿಯನ್ನು ಮಣ್ಣು ಮಾಡಲು ಹೋಗಿದ್ದಾನೆ. ಒಬ್ಬ ಮನೆ ಕಟ್ಟುತ್ತಿದ್ದಾನೆ. ಒಬ್ಬನ ಮನೆಯಲ್ಲಿ ಹೆಂಗಸರಿಗೆ ಮುಟ್ಟು. ಹಲವರು ಹಬ್ಬಕ್ಕೆ ಬಿಯರ್ ಮಾಡಲು ಮನೆಯಲ್ಲಿ ಉಳಿದಿದ್ದಾರೆ. ಒಬ್ಬ ತನ್ನ ದೇವರಿಗೆ ಕಾಣಿಕೆ ಅರ್ಪಿಸಲು ಹೋಗಿದ್ದಾನೆ. ಈ ಕೊನೆಯ ಕಾರಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಅವರ ವಾರಕ್ಕೆ ಹತ್ತು ದಿನ. ಸಾಮಾನ್ಯವಾಗಿ ಎಂಟು ದಿನ ಕೆಲಸ, ಎರಡು ದಿನ ರಜೆ, ಹಬ್ಬಗಳು ಬೇರೆ. ಸಂಬಳ ಧಾನ್ಯದಲ್ಲಿ, ಯಾಕಂದರೆ ಆಗ ನಾಣ್ಯ ಇರಲಿಲ್ಲ. ಒಬ್ಬ ಕೆಲಸಗಾರನಿಗೆ ತಿಂಗಳಿಗೆ ಐದೂವರೆ ಮೂಟೆ: ನಾಲ್ಕು ಗೋಧಿ, ಒಂದೂವರೆ ಬಾರ್ಲಿ. ಅವರ ಒಂದು ಮೂಟೆ ಅಂದರೆ ಸುಮಾರು 76 ಲೀಟರ್ ಅಳತೆ, ಹಾಗಾಗಿ ಒಟ್ಟು 400 ಲೀಟರ್‌ಗಿಂತ ಸ್ವಲ್ಪ ಹೆಚ್ಚು. ಒಂದು ಕುಟುಂಬ ತಿಂದು, ಉಳಿದದ್ದನ್ನು ಕೊಟ್ಟು ಬೇರೆ ಸಾಮಾನು ತಗೋಬಹುದಿತ್ತು. ಜೊತೆಗೆ ಮೀನು, ತರಕಾರಿ, ಸೌದೆ, ನೀರು ಸರ್ಕಾರದ ಕಡೆಯಿಂದ. ಇವರು ಗುಲಾಮರಲ್ಲ. ಒಳ್ಳೆ ಕೆಲಸ, ಒಳ್ಳೆ ಸಂಬಳ, ವೀಕೆಂಡ್.

ಇವರಿಗೂ ಮನಸ್ಸಾಕ್ಷಿ ಇತ್ತು ಅನ್ನೋದನ್ನೂ ಹೇಳಬೇಕು. ನೆಫೆರಾಬು ಎಂಬ ಕೆಲಸಗಾರ ಒಂದು ಕಲ್ಲು ನೆಡಿಸಿದ್ದಾನೆ. ತಾನು ದೇವರ ಹೆಸರಲ್ಲಿ ಸುಳ್ಳು ಆಣೆ ಮಾಡಿದೆ, ಅದಕ್ಕೆ ಹಗಲಲ್ಲೇ ಕತ್ತಲೆ ಕಾಣುವಂತಾಯಿತು, ನನ್ನನ್ನು ನೋಡಿ ಬುದ್ಧಿ ಕಲಿಯಿರಿ ಅಂತ ಊರಿಗೆಲ್ಲ ಹೇಳಿದ್ದಾನೆ. ಅವನು ಕರೆದದ್ದು ಪ್ತಾಹ್ ಎಂಬ ವಿಗ್ರಹವನ್ನು, ನಿಜ. ಆದರೆ ತಪ್ಪು ತಪ್ಪೇ ಅಂತ ಒಪ್ಪಿಕೊಳ್ಳುವ ಹೃದಯ ಅಲ್ಲೂ ಇತ್ತು.

5. ಸಂಬಳ ಬರದ ತಿಂಗಳು

ಇಷ್ಟು ಚೆನ್ನಾಗಿದ್ದ ಊರಿಗೂ ಕಷ್ಟ ಬಂತು. ಮೂರನೇ ರಾಮ್ಸೇಸನ 29ನೇ ವರ್ಷ, ಕ್ರಿ.ಪೂ. 1157ರ ಸುಮಾರು. ಧಾನ್ಯ ಬರೋದು ತಡವಾಯಿತು. ಹದಿನೆಂಟು ದಿನ ಕಳೆದರೂ ಇಲ್ಲ. ಕೆಲಸಗಾರರು ಉಪಕರಣ ಕೆಳಗಿಟ್ಟು, ಕಾವಲು ಗೋಡೆಗಳನ್ನು ದಾಟಿ ಬಂದು, ಒಂದು ರಾಜ ದೇವಾಲಯದ ಹಿಂದೆ ಕೂತುಬಿಟ್ಟರು. ಇತಿಹಾಸದಲ್ಲಿ ಬರಹದ ದಾಖಲೆ ಇರುವ ಮೊದಲ ಸ್ಟ್ರೈಕ್ ಇದೇ. ಅದನ್ನು ಬರೆದಿಟ್ಟ ಪಪೈರಸ್ ಇಟಲಿಯ ಟ್ಯೂರಿನ್ ಮ್ಯೂಸಿಯಂನಲ್ಲಿದೆ. ಹಸಿವು ಬಾಯಾರಿಕೆಯೇ ನಮ್ಮನ್ನು ಇಲ್ಲಿಗೆ ತಂದಿದೆ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನು ಇಲ್ಲ, ತರಕಾರಿ ಇಲ್ಲ, ಫರೋಹನಿಗೆ ಬರೆದು ತಿಳಿಸಿ ಅನ್ನೋದು ಅವರ ದೂರು. ಅಧಿಕಾರಿಗಳು ಓಡಿ ಬಂದು ಸಮಾಧಾನ ಮಾಡಿದರು, ಕೊನೆಗೆ ಬಾಕಿ ಇದ್ದ ಧಾನ್ಯ ಕೊಟ್ಟರು. ಮುಂದಿನ ತಿಂಗಳುಗಳಲ್ಲಿ ಮತ್ತೆ ತಡ, ಮತ್ತೆ ಸ್ಟ್ರೈಕ್.

ಗಮನಿಸಿ: ಇವರನ್ನು ಯಾರೂ ಹೊಡೆಯಲಿಲ್ಲ. ಸೋಮಾರಿಗಳು ಅಂತ ಬೈದು ಕೆಲಸ ಹೆಚ್ಚಿಸಲಿಲ್ಲ. ಯಾಕೆ? ಇವರು ಐಗುಪ್ತದ ಮಕ್ಕಳು, ಹೆಸರಿದ್ದವರು, ರಿಜಿಸ್ಟರ್‌ನಲ್ಲಿ ಇದ್ದವರು. ಇವರ ಕೈ ಇಲ್ಲದೆ ಫರೋಹನಿಗೆ ಸಮಾಧಿ ಇಲ್ಲ.

6. ಇಟ್ಟಿಗೆ: ಹೆಸರಿಲ್ಲದವರ ಲೆಕ್ಕ

ಈಗ ಅದೇ ದೇಶದ ಇನ್ನೊಂದು ಮುಖ. ಲಕ್ಸರ್ ಎದುರಿನ ಅದೇ ಬೆಟ್ಟಗಳಲ್ಲಿ ರೆಖ್ಮಿರೆ ಎಂಬ ಪ್ರಧಾನಮಂತ್ರಿಯ ಸಮಾಧಿ ಇದೆ, ಕ್ರಿ.ಪೂ. ಹದಿನೈದನೇ ಶತಮಾನದ್ದು. ಅದರ ಗೋಡೆಯಲ್ಲಿ ಇಟ್ಟಿಗೆ ಮಾಡುವ ಚಿತ್ರ. ಕೆಲವರು ಕೊಳದಿಂದ ನೀರು ತರ್ತಿದ್ದಾರೆ, ಕೆಲವರು ಗುದ್ದಲಿಯಲ್ಲಿ ಮಣ್ಣು ಕಲಸ್ತಿದ್ದಾರೆ, ಒಬ್ಬ ಅಚ್ಚಿನಿಂದ ಇಟ್ಟಿಗೆ ಹಾಕ್ತಿದ್ದಾನೆ, ಕೆಲವರು ಹೆಗಲ ಕೋಲಿನಲ್ಲಿ ಹೊರ್ತಿದ್ದಾರೆ. ಪಕ್ಕದಲ್ಲಿ ಕೋಲು ಹಿಡಿದ ಮೇಲ್ವಿಚಾರಕ. ಇವರು ಯುದ್ಧದಲ್ಲಿ ಸೆರೆಸಿಕ್ಕ ಪರದೇಶದವರು, ಕಾರ್ನಕ್‌ನ ದೇವಸ್ಥಾನಕ್ಕೆ ಇಟ್ಟಿಗೆ ಮಾಡುವವರು ಅಂತ ಬರಹ ಹೇಳುತ್ತೆ. ಇಸ್ರಾಯೇಲ್ಯರು ಅಂತ ಆ ಗೋಡೆ ಹೇಳಲ್ಲ, ನಾವೂ ಹಾಗೆ ಹೇಳೋದು ಬೇಡ. ಆದರೆ ವಿಮೋಚನಕಾಂಡ 5ನೇ ಅಧ್ಯಾಯದ ಕೆಲಸ ಹೇಗಿತ್ತು ಅಂತ ನೋಡೋದಕ್ಕೆ ಆ ಗೋಡೆ ಸಾಕು.

ಹುಲ್ಲು ಯಾಕೆ ಬೇಕಿತ್ತು? ನೈಲ್ ಮಣ್ಣು ಜಿಗುಟು. ಬರೀ ಮಣ್ಣಿನ ಇಟ್ಟಿಗೆ ಬಿಸಿಲಿಗೆ ಒಣಗುವಾಗ ಸೀಳುತ್ತೆ. ಕತ್ತರಿಸಿದ ಹುಲ್ಲು ಬೆರೆಸಿದರೆ ಹಿಡಿದುಕೊಳ್ಳುತ್ತೆ, ಅಚ್ಚಿನಿಂದ ಸಲೀಸಾಗಿ ಬಿಡುತ್ತೆ. ಹುಲ್ಲು ಕೊಡದೆ ಅಷ್ಟೇ ಇಟ್ಟಿಗೆ ಕೇಳೋದು ಅಂದರೆ, ಸುಗ್ಗಿಯಾದ ಹೊಲಗಳಲ್ಲಿ ಕೂಳೆ ಆರಿಸಿ ತಂದು, ಕತ್ತರಿಸಿ, ಆಮೇಲೆ ಕೆಲಸ ಶುರು ಮಾಡೋದು. ದಿನ ಅಷ್ಟೇ ಉದ್ದ, ಟಾರ್ಗೆಟ್ ಅಷ್ಟೇ.

ಟಾರ್ಗೆಟ್ ಅನ್ನೋ ಮಾತು ನಾನು ಸೇರಿಸಿದ್ದಲ್ಲ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಎರಡನೇ ರಾಮ್ಸೇಸನ 5ನೇ ವರ್ಷದ ಒಂದು ಚರ್ಮದ ಸುರುಳಿ ಇದೆ. 40 ಮೇಲ್ವಿಚಾರಕರ ಪಟ್ಟಿ, ಒಬ್ಬೊಬ್ಬರಿಗೂ 2000 ಇಟ್ಟಿಗೆಯ ಗುರಿ, ಪಕ್ಕದಲ್ಲಿ ತಂದು ಒಪ್ಪಿಸಿದ ಲೆಕ್ಕ. ಇಟ್ಟಿಗೆ ಮಾಡಿದವರ ಹೆಸರು ಅಲ್ಲಿಲ್ಲ.

ಈಗ ಆ ಅಟೆಂಡೆನ್ಸ್ ಕಲ್ಲನ್ನು ಮತ್ತೆ ನೆನಪು ಮಾಡಿಕೊಳ್ಳಿ. ಒಬ್ಬ ಐಗುಪ್ತದವನು ತನ್ನ ದೇವರಿಗೆ ಕಾಣಿಕೆ ಅರ್ಪಿಸಲು ರಜೆ ಹಾಕಿದ, ಕೆಂಪು ಶಾಯಿಯಲ್ಲಿ ಬರೆದುಕೊಂಡರು, ಮುಗೀತು. ವಿಮೋಚನಕಾಂಡ 5:3ರಲ್ಲಿ ಮೋಶೆ ಆರೋನರು ಕೇಳಿದ್ದೇನು? ನಮ್ಮ ದೇವರಿಗೆ ಯಜ್ಞ ಅರ್ಪಿಸಲು ಮೂರು ದಿನದ ದಾರಿ ಹೋಗಿ ಬರ್ತೀವಿ ಅಂತ. ಕಾರಣ ಒಂದೇ! ಆದರೆ ಇವರಿಗೆ ಸಿಕ್ಕ ಉತ್ತರ: ನೀವು ಸೋಮಾರಿಗಳು, ಅದಕ್ಕೇ ಕೂಗಾಡ್ತೀರಿ, ಹುಲ್ಲೂ ನೀವೇ ಹುಡುಕಿಕೊಳ್ಳಿ. ಒಂದೇ ದೇಶ, ಒಂದೇ ಅರ್ಜಿ, ಎರಡು ಉತ್ತರ. ರಜೆ ಅಂದರೆ ಏನು ಅಂತ ಐಗುಪ್ತಕ್ಕೆ ಗೊತ್ತಿರಲಿಲ್ಲ ಅಂತಲ್ಲ, ಪ್ರಿಯರೇ. ಚೆನ್ನಾಗಿ ಗೊತ್ತಿತ್ತು. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅಂತ ಅದು ತೀರ್ಮಾನ ಮಾಡಿತ್ತು. ದಾಸತ್ವ ಅಂದರೆ ಇದು.

7. ಬಿಟ್ಟಿ ಮೀನು, ಬಿಟ್ಟಿ ಕೆಲಸ

ಹೀಗಿದ್ದರೂ ಅರಣ್ಯದಲ್ಲಿ ಜನ ಯಾಕೆ ಐಗುಪ್ತಕ್ಕಾಗಿ ಅತ್ತರು? ಯಾಕಂದರೆ ಅಲ್ಲಿನ ರೊಟ್ಟಿ ನಿಜವಾಗಿಯೂ ಚೆನ್ನಾಗಿತ್ತು. ಸುಳ್ಳು ಹೇಳ್ತಿರಲಿಲ್ಲ ಅವರು. ಮೀನು ಬಿಟ್ಟಿಯಾಗಿ ಸಿಗ್ತಿತ್ತು ಅಂತ ನೆನಪಿಸಿಕೊಂಡರು.

ನಮ್ಮ ಕನ್ನಡದಲ್ಲಿ ಬಿಟ್ಟಿ ಅನ್ನೋ ಮಾತಿಗೆ ಎರಡು ಅರ್ಥ. ಬಿಟ್ಟಿ ಊಟ ಅಂದರೆ ದುಡ್ಡು ಕೊಡದೆ ಸಿಗೋದು. ಬಿಟ್ಟಿ ಕೆಲಸ ಅಂದರೆ ದುಡ್ಡು ಸಿಗದೆ ಮಾಡೋದು. ನಮ್ಮ ಸತ್ಯವೇದದಲ್ಲಿ ಐಗುಪ್ತದ ದುಡಿಮೆಗೆ ಇರುವ ಹೆಸರೂ ಬಿಟ್ಟೀ ಕೆಲಸವೇ. ಅವರಿಗೆ ಮೀನಿನ ಬಿಟ್ಟಿ ನೆನಪಾಯಿತು, ಕೆಲಸದ ಬಿಟ್ಟಿ ಮರೆತುಹೋಯಿತು. ಆ ಮೀನಿಗೆ ಬೆಲೆ ಇತ್ತು. ಬೆನ್ನಿನಿಂದ, ಮಕ್ಕಳಿಂದ ಕೊಟ್ಟಿದ್ದರು. ಗಂಡು ಮಕ್ಕಳನ್ನು ಎಸೆದದ್ದು ಯಾವ ನದಿಗೆ? ಮೀನು ಕೊಟ್ಟ ಅದೇ ನದಿಗೆ.

ನೆನಪು ಹಾಗೇ ಮಾಡುತ್ತೆ. ರುಚಿಯನ್ನು ಇಟ್ಟುಕೊಳ್ಳುತ್ತೆ, ಬೆಲೆಯ ಚೀಟಿಯನ್ನು ಹರಿದು ಹಾಕುತ್ತೆ. ನಿಮ್ಮಲ್ಲಿ ಕೆಲವರನ್ನು ಕರ್ತನು ಕೆಲವು ಅಭ್ಯಾಸಗಳಿಂದ, ಕೆಲವು ಸಂಬಂಧಗಳಿಂದ ಬಿಡಿಸಿದ್ದಾನೆ. ಕಷ್ಟದ ದಿನ ಬಂದಾಗ ಅಲ್ಲಿನ ಮೀನು ನೆನಪಾಗುತ್ತೆ. ಆಗ ಇಟ್ಟಿಗೆಯನ್ನೂ ನೆನಪು ಮಾಡಿಕೊಳ್ಳಿ.

8. ನೆನಪಿನಿಂದ ಹುಟ್ಟಿದ ಆಜ್ಞೆಗಳು

ಬರೀ ದ್ವೇಷದ ನೆನಪೂ ಬೇಡ ಅಂತ ದೇವರು ಹೇಳ್ತಾನೆ. ಐಗುಪ್ತದಲ್ಲಿ ಪಟ್ಟ ಪಾಡಿನಿಂದ ದೇವರು ಏನೇನು ಕಲಿಸಿದ ನೋಡಿ.

ವಿಶ್ರಾಂತಿ. ಧರ್ಮೋಪದೇಶಕಾಂಡ 5:14-15ರಲ್ಲಿ ಸಬ್ಬತ್ ದಿನ ಯಾರಿಗೆ? ನಿನಗೆ ಮಾತ್ರ ಅಲ್ಲ. ನಿನ್ನ ದಾಸನಿಗೆ, ದಾಸಿಗೆ, ನಿನ್ನ ಊರಲ್ಲಿರುವ ಪರದೇಶಿಗೆ, ಎತ್ತು ಕತ್ತೆಗೆ ಕೂಡ. ಕಾರಣವಾಗಿ ಅವರ ಐಗುಪ್ತದ ದಾಸತ್ವವನ್ನೇ ಅಲ್ಲಿ ಎತ್ತಿ ಹೇಳಿದೆ. ರಿಜಿಸ್ಟರ್‌ನಲ್ಲಿ ಹೆಸರಿರುವವನಿಗೂ ಇಲ್ಲದವನಿಗೂ ಒಂದೇ ರಜೆ. ಐಗುಪ್ತದಲ್ಲಿ ಇಲ್ಲದ್ದು ಇದು.

ಕೂಲಿ. 24:14-15ರಲ್ಲಿ ಬಡ ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲು ಕೊಡಬೇಕು. ಅವನು ಸ್ವದೇಶದವನಾಗಲಿ ಪರದೇಶಿಯಾಗಲಿ. ಹದಿನೆಂಟು ದಿನ ಕಾದು ಕೂತವರ ಹಸಿವನ್ನು ಈಗಷ್ಟೇ ಕೇಳಿದಿರಿ.

ಮೂರನೆಯದು ನನಗೆ ಬಹಳ ಆಶ್ಚರ್ಯ. 23:7ರಲ್ಲಿ ಐಗುಪ್ತದವರನ್ನು ಅಸಹ್ಯವಾಗಿ ಕಾಣಬಾರದು, ಯಾಕಂದರೆ ನೀವು ಅವರ ದೇಶದಲ್ಲಿ ಪ್ರವಾಸಿಗಳಾಗಿದ್ದಿರಿ ಅಂತ ಇದೆ. ಹೊಡೆದ ದೇಶ ಅದು. ಆದರೆ ಬರಗಾಲದಲ್ಲಿ ಯಾಕೋಬನ ಮನೆಯವರಿಗೆ ಧಾನ್ಯ ಕೊಟ್ಟ ದೇಶವೂ ಅದೇ. ಎರಡನ್ನೂ ನೆನಪಿಡು ಅಂತಾನೆ ದೇವರು. ರೊಟ್ಟಿಗೆ ಕೃತಜ್ಞತೆ, ಇಟ್ಟಿಗೆಯಿಂದ ಬಿಡುಗಡೆ, ಆದರೆ ಮನುಷ್ಯರ ಮೇಲೆ ಹಗೆ ಇಲ್ಲ.

ಹೆರೋದನಿಗೆ ಹೆದರಿ ಯೋಸೇಫ ಮರಿಯರು ಮಗುವನ್ನು ಎತ್ತಿಕೊಂಡು ಓಡಿದ್ದು ಎಲ್ಲಿಗೆ? ಐಗುಪ್ತಕ್ಕೆ. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಇಳಿದು ಬಂದಾಗ ದೇವರ ಮಹತ್ಕಾರ್ಯಗಳನ್ನು ತಮ್ಮ ಭಾಷೆಯಲ್ಲಿ ಕೇಳಿದವರಲ್ಲಿ ಐಗುಪ್ತದಿಂದ ಬಂದವರೂ ಇದ್ದರು, ಅಪೊಸ್ತಲರ ಕೃತ್ಯಗಳು 2:10. ಮುಂದೆ ಆ ದೇಶದಲ್ಲಿ ಸಭೆ ಬೆಳೆಯಿತು. ದೇರ್ ಎಲ್-ಮದೀನಾ ಅಂದರೆ ಅರಬಿ ಭಾಷೆಯಲ್ಲಿ ಪಟ್ಟಣದ ಮಠ. ಆ ಊರಿನ ಪಕ್ಕದ ಹಳೇ ದೇವಸ್ಥಾನದಲ್ಲಿ ಕ್ರೈಸ್ತ ಸನ್ಯಾಸಿಗಳು ವಾಸವಿದ್ದರು, ಅದಕ್ಕೇ ಆ ಹೆಸರು. ಐಗುಪ್ತದ ಕಾಪ್ಟಿಕ್ ಸಭೆಯ ಆರಾಧನೆಯ ಭಾಷೆ, ಫರೋಹರ ಭಾಷೆಯ ಕೊನೆಯ ರೂಪ. 1822ರಲ್ಲಿ ಶಾಂಪೋಲಿಯೋ ಎಂಬ ವಿದ್ವಾಂಸ ಐಗುಪ್ತದ ಚಿತ್ರಲಿಪಿಯ ಗುಟ್ಟು ಬಿಡಿಸಿದಾಗ ಅವನಿಗೆ ನೆರವಾದದ್ದು ಅದೇ ಭಾಷೆ. ಸೋಮಾರಿಗಳು ಅಂತ ಬೈದ ಫರೋಹನ ಭಾಷೆಯಲ್ಲಿ ಇವತ್ತು ಯೇಸುವಿಗೆ ಸ್ತೋತ್ರ ನಡೀತಿದೆ. ಹಲ್ಲೆಲೂಯಾ!

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೆ ಕೆಲಸಕ್ಕೆ ಬರುವ ಅಕ್ಕ, ವಾಚ್‌ಮನ್ ಅಣ್ಣ, ಆಫೀಸ್ ಗುಡಿಸುವವರು, ಊಟ ತಂದುಕೊಡುವ ಹುಡುಗ, ಇವರ ಹೆಸರು ನಿಮಗೆ ಗೊತ್ತಾ? ಅವರಿಗೆ ಕೊಡಬೇಕಾದ ದುಡ್ಡು ಬಾಕಿ ಇದೆಯಾ? ಅವರು ರಜೆ ಕೇಳಿದಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತು ಏನು? ನಮ್ಮ ಮ್ಯಾನೇಜರ್ ಫರೋಹ ಅಂತ ಹೇಳೋದು ಸುಲಭ. ನಾನು ಯಾರಿಗಾದರೂ ಫರೋಹ ಆಗಿದ್ದೇನಾ ಅಂತ ಕೇಳಿಕೊಳ್ಳೋದು ಕಷ್ಟ. ಕೇಳಿಕೊಳ್ಳೋಣ.

ಗುಂಪಿನಲ್ಲಿ ಚರ್ಚಿಸಲು

1. ಅರಣ್ಯಕಾಂಡ 11:5ರ ಪಟ್ಟಿಯನ್ನು ಐಗುಪ್ತದ ಊಟದ ಜೊತೆ ಹೋಲಿಸಿ. ಆ ಪಟ್ಟಿಯಲ್ಲಿ ಅವರು ಹೇಳದೆ ಬಿಟ್ಟದ್ದು ಏನು?
2. ದೇರ್ ಎಲ್-ಮದೀನಾದ ಕೆಲಸಗಾರನಿಗೂ ಇಟ್ಟಿಗೆ ಮಾಡುವ ಪರದೇಶಿಗೂ ಇದ್ದ ವ್ಯತ್ಯಾಸಗಳು ಯಾವುವು? ಇಂಥ ವ್ಯತ್ಯಾಸ ನೀವು ಕೆಲಸ ಮಾಡುವ ಜಾಗದಲ್ಲಿ ಇದೆಯೇ?
3. ನಿಮಗೆ ಊಟವನ್ನೂ ನೋವನ್ನೂ ಕೊಟ್ಟ ಒಂದು ಜಾಗವನ್ನು ಧರ್ಮೋಪದೇಶಕಾಂಡ 23:7ರ ಬೆಳಕಿನಲ್ಲಿ ಹೇಗೆ ನೆನಪು ಮಾಡಿಕೊಳ್ಳುತ್ತೀರಿ?

ಪ್ರಾರ್ಥನೆ

ಪರಲೋಕದ ತಂದೆಯೇ, ನಮ್ಮನ್ನು ದಾಸತ್ವದಿಂದ ಬಿಡಿಸಿದ್ದಕ್ಕಾಗಿ ಸ್ತೋತ್ರ. ರುಚಿಯನ್ನು ಮಾತ್ರ ನೆನಪಿಟ್ಟು ಬೆಲೆಯನ್ನು ಮರೆಯುವ ನಮ್ಮ ಮನಸ್ಸನ್ನು ಸರಿಪಡಿಸು. ನಮಗೆ ಸಿಕ್ಕ ವಿಶ್ರಾಂತಿಯನ್ನು ನಮ್ಮ ಕೈಕೆಳಗೆ ದುಡಿಯುವವರಿಗೂ ಕೊಡುವ ಹೃದಯ ಕೊಡು. ನಮ್ಮನ್ನು ನೋಯಿಸಿದವರನ್ನು ಹಗೆಯಿಲ್ಲದೆ ನೆನಪು ಮಾಡಿಕೊಳ್ಳಲು ಸಹಾಯ ಮಾಡು. ಐಗುಪ್ತದಲ್ಲಿ ಆಶ್ರಯ ಪಡೆದ ನಿನ್ನ ಮಗನಾದ ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.